ಬದಿಯಿಂದ ಹೊರಟರೂ ಕಣ್ಣು ನಡುವಿನ ಮೇಲಿರಲಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಎಂದ ಕೂಡಲೇ ಎಲ್ಲರೂ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ ಎನ್ನುತ್ತಾರೆ. ಈ ಸಲ ಸಂಘಟಕರು ವಿಷಯವನ್ನು ನನಗೇ ಬಿಟ್ಟರು. ನಾನು ಚದುರಂಗವನ್ನು ಆರಿಸಿಕೊಂಡೆ. ಅದರಲ್ಲೂ ಮಾತಾಡುವುದು ಒಂದೇ ಒಂದು ನಡೆಯ ಬಗ್ಗೆ. ಅದಕ್ಕೆ ಕಾರಣ ನಮ್ಮ ಶಾಲೆಯ ಒಬ್ಬ ಹುಡುಗಿ.

ಮಹೋತ್ಸವದ ಸಿದ್ಧತೆಗೆಂದು ಬಂದಿದ್ದಾಗ ಚೆಸ್ ಆಡುವ ಮಕ್ಕಳ ಜೊತೆ ಸ್ವಲ್ಪ ಹೊತ್ತು ಕುಳಿತಿದ್ದೆ. 2024ರಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಹಳ್ಳಿ ಶಾಲೆಗಳಲ್ಲೂ ಹಲಗೆಗಳ ಮೇಲಿನ ಧೂಳು ಹೋಗಿದೆ. ತಾಲ್ಲೂಕು ಪಂದ್ಯದಿಂದ ಸೋತು ಬಂದಿದ್ದ ಒಂಬತ್ತನೇ ತರಗತಿಯ ಹುಡುಗಿ ನೇರವಾಗಿ ಕೇಳಿದಳು: "ಅಣ್ಣಾ, ಪಟ್ಟಣದ ಮಕ್ಕಳು ಮೊದಲಿನ ಹತ್ತು ನಡೆ ಯೋಚನೇನೇ ಮಾಡಲ್ಲ, ಟಪಟಪ ಅಂತ ಇಡ್ತಾರೆ. ಕೋಚಿಂಗಲ್ಲಿ ಬಾಯಿಪಾಠ ಮಾಡ್ಸಿರ್ತಾರೆ. ನಮ್ಮ ಅರ್ಧ ಟೈಮ್ ಅಲ್ಲೇ ಹೋಗತ್ತೆ. ಅವ್ರಿಗೆ ಗೊತ್ತಿಲ್ದೇ ಇರೋ ನಡೆ ಯಾವ್ದಾದ್ರೂ ಇದ್ರೆ ಹೇಳ್ಕೊಡಿ."

ಪಕ್ಕದಲ್ಲಿದ್ದ ದೈಹಿಕ ಶಿಕ್ಷಕರೂ, "ಹೇಳ್ಕೊಡಪ್ಪ, ಒಂದು ಸಲ ಜಿಲ್ಲೆಗೆ ಹೋಗಿ ಬರ್ಲಿ" ಎಂದರು.

ಅಂಥ ನಡೆ ಇದೆ. ನಾಲ್ಕೈದು ವರ್ಷಗಳಿಂದ ಭಾನುವಾರದ ಪಂದ್ಯಗಳಲ್ಲಿ ನಾನು ಅದನ್ನೇ ಆಡುತ್ತಿದ್ದೇನೆ. ಆದರೆ ಅದನ್ನು ಮಕ್ಕಳ ಕೈಗೆ ಕೊಡಬಹುದೇ, ಕೊಡುವುದಾದರೆ ಯಾವಾಗ ಎಂಬುದು ದೊಡ್ಡ ಪ್ರಶ್ನೆ. ಇವತ್ತು ಅದಕ್ಕೆ ಎಲ್ಲರ ಎದುರು ಉತ್ತರ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹಲಗೆಯಲ್ಲಿ 64 ಮನೆಗಳು. ಬಿಳಿ ಕಾಯಿಯವರು ಮೊದಲ ನಡೆಯನ್ನು 20 ರೀತಿಯಲ್ಲಿ ಇಡಬಹುದು. ಹೆಚ್ಚಿನವರು ರಾಜನ ಮುಂದಿನ ಅಥವಾ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ತಳ್ಳುತ್ತಾರೆ. ಹಲಗೆಯ ನಟ್ಟನಡುವಿನ ನಾಲ್ಕು ಮನೆಗಳನ್ನು ಹಿಡಿದವನ ಕುದುರೆ, ಒಂಟೆಗಳು ಯಾವ ಕಡೆಗೂ ಬೇಗ ಹೋಗಬಲ್ಲವು. ಊರ ನಡುವೆ ಮನೆ ಇದ್ದವನಿಗೆ ಎಲ್ಲ ಕೇರಿಯೂ ಹತ್ತಿರವಾದಂತೆ.

ನಾನು ಹೇಳುವ ನಡೆ ಬದಿಯದು. ಬಿಳಿಯ ಕಡೆ ಕುಳಿತವರ ಎಡಗೈಯಿಂದ ಎಣಿಸಿದರೆ ಎರಡನೆಯ ಕಾಲಾಳು ಎರಡು ಮನೆ ಮುಂದೆ ಹೋಗುತ್ತದೆ. ಚೆಸ್ ಬರಹದಲ್ಲಿ ಇದಕ್ಕೆ ಬಿ4 ಎನ್ನುತ್ತಾರೆ. ನೋಡಿದವರಿಗೆ, ಇವನಿಗೆ ಆಟವೇ ಬರುವುದಿಲ್ಲ ಅನ್ನಿಸುತ್ತದೆ. ಎದುರಾಳಿ ಒಮ್ಮೆ ಹಲಗೆ ನೋಡಿ, ಆಮೇಲೆ ನಮ್ಮ ಮುಖ ನೋಡುತ್ತಾನೆ.

ಈ ನಡೆಗೆ ಒಂದು ತಮಾಷೆಯ ಹೆಸರಿದೆ: ಒರಾಂಗುಟಾನ್. 1924ರಲ್ಲಿ ನ್ಯೂಯಾರ್ಕಿನಲ್ಲಿ ದೊಡ್ಡ ಪಂದ್ಯಾವಳಿ ನಡೆದಿತ್ತು. ಆಟಗಾರರೆಲ್ಲ ಬ್ರಾಂಕ್ಸ್ ಮೃಗಾಲಯಕ್ಕೆ ಹೋಗಿದ್ದರು. ಅಲ್ಲಿ ಸೂಸನ್ ಎಂಬ ಒರಾಂಗುಟಾನ್ ಇತ್ತು. ನಾಳೆ ಏನು ಆಡಲಿ ಎಂದು ಅದನ್ನೇ ಕೇಳಿದೆ, ಬಿ4 ಆಡು ಅಂತ ಸೂಚನೆ ಕೊಟ್ಟಿತು ಎಂದು ಟಾರ್ಟಕೋವರ್ ಎಂಬ ಗ್ರಾಂಡ್‌ಮಾಸ್ಟರ್ ಹೇಳಿಕೊಂಡರು. ಮಾರನೆಯ ದಿನ ಮರೋಕ್ಜಿ ಎಂಬುವರ ಎದುರು ಅದನ್ನೇ ಆಡಿದರು. ಆರಂಭ ಚೆನ್ನಾಗಿಯೇ ಸಾಗಿತು, ಕೊನೆಗೆ ಆಟ ಸೋತರು. ಮುಂದೆ ಸೋವಿಯತ್ ದೇಶದ ಸೊಕೊಲ್ಸ್ಕಿ ಈ ನಡೆಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ 1963ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅವರ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ.

ಮಕ್ಕಳೇ, ಈಗ ಸ್ವಲ್ಪ ಗಮನವಿಟ್ಟು ಕೇಳಿ. ಕಾಲಾಳು ಮುಂದೆ ಹೋದಾಗ ಅದು ಬಿಟ್ಟ ಮನೆ ಖಾಲಿಯಾಯಿತು. ಪಕ್ಕದ ಒಂಟೆ ಅಲ್ಲಿಗೆ, ಅಂದರೆ ಬಿ2ಗೆ ಬಂದು ಕೂರುತ್ತದೆ. ಅಲ್ಲಿಂದ ಅದರ ಓರೆ ದಾರಿ ಎಲ್ಲಿಗೆ ಹೋಗುತ್ತದೆ ನೋಡಿ. ನಡುವಿನ ನಾಲ್ಕು ಮನೆಗಳಲ್ಲಿ ಎರಡನ್ನು, ಡಿ4 ಮತ್ತು ಇ5 ಅನ್ನು ಹಾದು, ಎದುರಾಳಿಯ ಆನೆ ನಿಂತ ಮೂಲೆಯವರೆಗೆ ಹೋಗುತ್ತದೆ. ಕಾಲಾಳು ಹೊರಟದ್ದು ಬದಿಯಿಂದ, ಒಂಟೆ ಕಣ್ಣಿಟ್ಟಿರುವುದು ನಡುವಿನ ಮೇಲೆ. ಈ ನಡೆಯ ಗುಟ್ಟೆಲ್ಲ ಇಷ್ಟೇ.

ಕಪ್ಪು ಕಾಯಿಯವರ ಸಹಜ ಉತ್ತರ ಇ5. ನಡುವಿನ ಮನೆ ಹಿಡಿದಂತೆಯೂ ಆಯಿತು, ಅವರ ಒಂಟೆಗೆ ದಾರಿ ಬಿಟ್ಟು ನಮ್ಮ ಬಿ4 ಕಾಲಾಳಿನ ಮೇಲೆ ಬಿದ್ದಂತೆಯೂ ಆಯಿತು. ನಾವು ಹೆದರದೆ ಒಂಟೆಯನ್ನು ಬಿ2ಗೆ ಇಡುತ್ತೇವೆ. ಈಗ ಅವರ ಒಂಟೆ ನಮ್ಮ ಬದಿಯ ಕಾಲಾಳನ್ನು ಹೊಡೆಯುತ್ತದೆ, ನಮ್ಮ ಒಂಟೆ ಅವರ ನಡುವಿನ ಕಾಲಾಳನ್ನು ಹೊಡೆಯುತ್ತದೆ. ಲೆಕ್ಕಕ್ಕೆ ಒಂದಕ್ಕೆ ಒಂದು. ಆದರೆ ನಾವು ಕೊಟ್ಟದ್ದು ಬದಿಯದು, ತೆಗೆದುಕೊಂಡದ್ದು ನಡುವಿನದು. ಹೊಲದ ಬದುವಿನ ತುಂಡು ಜಾಗ ಕೊಟ್ಟು ಬಾವಿಯ ಪಕ್ಕದ ಜಾಗ ಬರೆಸಿಕೊಂಡಂತೆ.

ಈ ವ್ಯಾಪಾರ ಪುಕ್ಕಟೆ ಅಲ್ಲ. ಇಷ್ಟರಲ್ಲಿ ಕಪ್ಪಿನವರ ಒಂದು ಒಂಟೆ ಹೊರಗೆ ಬಂದಾಗಿದೆ. ಅವರು ಕುದುರೆ ಹೊರಡಿಸಿ ಬೇಗ ರಾಜನನ್ನು ಕೋಟೆಯೊಳಗೆ ಸೇರಿಸುತ್ತಾರೆ. ನಮ್ಮ ಒಂಟೆ ನಡುಬೀದಿಯಲ್ಲಿ ಒಂಟಿಯಾಗಿ ನಿಂತಿದೆ, ಅವರ ಕುದುರೆ ಅದನ್ನು ಬೆದರಿಸುತ್ತಲೇ ಹೊರಬರಬಹುದು. ಇನ್ನೂ ಕಾಯಿ ಹೊಡೆಯುವ ಆಸೆಗೆ ಬೀಳದೆ ನಮ್ಮ ಕುದುರೆ, ಒಂಟೆ ಹೊರಡಿಸಿ ರಾಜನನ್ನು ಭದ್ರ ಮಾಡಿದರೆ ಆಮೇಲೆ ನಡುವಿನ ಹೆಚ್ಚಿನ ಕಾಲಾಳು ಕೆಲಸಕ್ಕೆ ಬರುತ್ತದೆ. ಮಾಡದಿದ್ದರೆ ಅದು ಕೆಲಸಕ್ಕೆ ಬರುವ ಮೊದಲೇ ಆಟ ಮುಗಿದಿರುತ್ತದೆ.

ಕೆಲವರು ಇ5 ಕಾಲಾಳನ್ನು ಉಳಿಸಿಕೊಳ್ಳಲು ನೋಡುತ್ತಾರೆ. ಡಿ6 ಆಡಿದರೆ ತಮ್ಮ ಒಂಟೆಯ ದಾರಿಯನ್ನು ತಾವೇ ಮುಚ್ಚಿಕೊಂಡಂತೆ. ನಮ್ಮ ಬಿ4 ಕಾಲಾಳು ಉಸಿರಾಡುತ್ತದೆ. ಎಫ್6 ಆಡಿದರೆ ಕುದುರೆ ಬರಬೇಕಾದ ಮನೆಯಲ್ಲಿ ಕಾಲಾಳು ಕುಳಿತಿತು, ರಾಜನ ಪಕ್ಕದ ಗೋಡೆಯೂ ಸಡಿಲವಾಯಿತು. ಹೀಗೆ ಒಂದೊಂದು ಉತ್ತರಕ್ಕೂ ಒಂದು ಬೆಲೆ ಇದೆ. ಆ ಬೆಲೆ ಕಂಡವನಿಗೆ ಬಾಯಿಪಾಠ ಬೇಕಾಗುವುದಿಲ್ಲ.

ಇನ್ನು ಇದರ ದೋಷ. ಅದೇ ನ್ಯೂಯಾರ್ಕ್ ಪಂದ್ಯಾವಳಿಯಲ್ಲಿ ಆಡಿ ಅದರ ಬಗ್ಗೆ ಪುಸ್ತಕ ಬರೆದ ಅಲೆಖೈನ್, ಎದುರಾಳಿಯ ಮನಸ್ಸು ತಿಳಿಯುವ ಮೊದಲೇ ನಮ್ಮ ಮನಸ್ಸನ್ನು ಬಿಚ್ಚಿಡುವುದೇ ಈ ನಡೆಯ ಕೊರತೆ ಎಂಬ ಅರ್ಥದ ಮಾತು ಹೇಳಿದ್ದಾರೆ. ಇಂದಿನ ಕಂಪ್ಯೂಟರುಗಳನ್ನು ಕೇಳಿದರೆ, ಮೊದಲು ನಡೆಯುವ ಬಿಳಿಗೆ ಇರುವ ಚಿಕ್ಕ ಅನುಕೂಲ ಇದರಿಂದ ಕೈಬಿಡುತ್ತದೆ, ಆದರೆ ಆಟವೇನೂ ಕೆಡುವುದಿಲ್ಲ ಎನ್ನುತ್ತವೆ. ಅಂದರೆ ಸರಿಸಮ. ಅದರ ಮುಂದಿನದು ಆಡುವವರ ಕೈಯಲ್ಲಿ.

ಬದಿಯಿಂದ ಹೊರಟು ನಡುವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಆಟವಿದೆ. 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಸೋವಿಯತ್ ತಂಡಕ್ಕೂ ಜಗತ್ತಿನ ಉಳಿದ ದೇಶಗಳ ತಂಡಕ್ಕೂ ಪಂದ್ಯ. ಜಗತ್ತಿನ ತಂಡದ ಮೊದಲ ಹಲಗೆಯಲ್ಲಿ ಡೆನ್ಮಾರ್ಕಿನ ಲಾರ್ಸೆನ್, ಎದುರಿಗೆ ಆಗಿನ ವಿಶ್ವ ಚಾಂಪಿಯನ್ ಸ್ಪಾಸ್ಕಿ. ಲಾರ್ಸೆನ್ ಅದೇ ಬದಿಯ ಕಾಲಾಳನ್ನು ಒಂದು ಮನೆ ಮಾತ್ರ ಸರಿಸಿ ಬಿ3 ಆಡಿದರು. ಸ್ಪಾಸ್ಕಿ ನಡುವಿನಲ್ಲಿ ಕಾಲಾಳು ನುಗ್ಗಿಸಿ, ಒಂದೊಂದೇ ಕಾಯಿಯನ್ನು ಬೇಗ ಬೇಗ ಹೊರತೆಗೆದರು. ಲಾರ್ಸೆನ್ ರಾಜ ನಡುವಿನಲ್ಲೇ ಉಳಿದ. ಕೇವಲ 17 ನಡೆಗಳಲ್ಲಿ ಆಟ ಮುಗಿಯಿತು. ತಪ್ಪು ಬಿ3ಯದಲ್ಲ. ಅದೇ ವರ್ಷ ಕೆಲವು ತಿಂಗಳ ನಂತರ ಬಾಬಿ ಫಿಷರ್ ಅದೇ ಬಿ3 ಆಡಿ ಒಳ್ಳೊಳ್ಳೆಯ ಆಟಗಾರರನ್ನು ಸೋಲಿಸಿದರು.

ಬದಿಯ ಆಟಕ್ಕೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. ನಮ್ಮ ಅಜ್ಜಂದಿರ ಪದ್ಧತಿಯಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ಅಂಥ ಆಟದಲ್ಲಿ ನಡುವಿಗೆ ಒಮ್ಮೆಲೇ ನುಗ್ಗುವಂತಿಲ್ಲ, ಬದಿಯಿಂದ ನಿಧಾನವಾಗಿ ಕಟ್ಟಿಕೊಂಡು ಬರಬೇಕು. 1848ರ ಸುಮಾರಿಗೆ ಕಲ್ಕತ್ತೆಯಲ್ಲಿದ್ದ ಕಾಕ್ರೇನ್ ಎಂಬ ಬ್ರಿಟಿಷ್ ವಕೀಲರಿಗೆ, ಹಳ್ಳಿಗಾಡಿನಲ್ಲಿ ಯಾರಿಗೂ ಸೋಲದ ಆಟಗಾರನೊಬ್ಬನಿದ್ದಾನೆ ಎಂಬ ಸುದ್ದಿ ಸಿಕ್ಕಿತು. ಅವರೇ ಮಹೇಶಚಂದ್ರ ಬ್ಯಾನರ್ಜಿ. ಇಬ್ಬರೂ ವರ್ಷಗಟ್ಟಲೆ ಆಡಿದರು. ಬ್ಯಾನರ್ಜಿಯವರು ಬದಿಯ ಕಾಲಾಳನ್ನು ಒಂದೇ ಮನೆ ಸರಿಸಿ, ಅದರ ಹಿಂದೆ ಒಂಟೆ ಇಟ್ಟು, ದೂರದಿಂದಲೇ ನಡುವಿನ ಮೇಲೆ ಕಣ್ಣಿಡುತ್ತಿದ್ದರು. ಆ ಆಟಗಳಿಂದಲೇ ಇಂಡಿಯನ್ ಡಿಫೆನ್ಸ್ ಎಂಬ ಹೆಸರು ಬಂತು. ಇವತ್ತು ವಿಶ್ವ ಚಾಂಪಿಯನ್ನರು ಆಡುವ ಕಿಂಗ್ಸ್ ಇಂಡಿಯನ್‌ನಂಥ ಆರಂಭಗಳಲ್ಲಿ ಆ ಹಳ್ಳಿಗನ ದಾರಿಯಿದೆ. ಬ್ಯಾನರ್ಜಿಯವರಿಗೆ ಅದು ಎದುರಾಳಿಯನ್ನು ತಬ್ಬಿಬ್ಬು ಮಾಡುವ ಉಪಾಯ ಆಗಿರಲಿಲ್ಲ. ಅದು ಅವರ ಸ್ವಂತ ಆಟ, ಒಳಹೊರಗು ಗೊತ್ತಿದ್ದ ಆಟ.

ಈಗ ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ.

ಅಮ್ಮಾ, ಬಿ4 ಆಡಿದರೆ ಪಟ್ಟಣದ ಮಗುವಿನ ಟಪಟಪ ನಿಲ್ಲುತ್ತದೆ. ಅದು ಖಂಡಿತ. ಬಾಯಿಪಾಠ ಮಾಡಿದ ಹತ್ತು ನಡೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಬ್ಬರೂ ಮೂರನೆಯ ನಡೆಯಿಂದಲೇ ಸ್ವಂತ ತಲೆ ಓಡಿಸಬೇಕು. ಆದರೆ ಆ ಆಶ್ಚರ್ಯದ ಆಯುಷ್ಯ ಒಂದೇ ಆಟ. ಬೆಂಗಳೂರಿನಲ್ಲಿ ಒಬ್ಬರು ನನಗೆ ಎರಡನೆಯ ಸಲ ಎದುರಾದಾಗ ಎಲ್ಲವನ್ನೂ ಓದಿಕೊಂಡೇ ಬಂದಿದ್ದರು. ಅವತ್ತು ಆಟ ಡ್ರಾ ಆಯಿತು. ನನ್ನನ್ನು ಉಳಿಸಿದ್ದು ಕೊನೆಯಲ್ಲಿ ರಾಜ ಮತ್ತು ಕಾಲಾಳುಗಳಷ್ಟೇ ಉಳಿದಾಗ ಹೇಗೆ ಆಡಬೇಕೆಂಬ ತಿಳಿವಳಿಕೆ. ಅದನ್ನು ನಾನು ಕಲಿತದ್ದು ಈ ಶಾಲೆಯಲ್ಲಿ, ಒಂದು ಕುದುರೆ ಕಳೆದುಹೋಗಿ ಅದರ ಜಾಗದಲ್ಲಿ ಚಾಕ್‌ಪೀಸ್ ಇಟ್ಟು ಆಡುತ್ತಿದ್ದ ಹಲಗೆಯ ಮೇಲೆ.

ಆದ್ದರಿಂದ ನನ್ನ ಉತ್ತರ: ಹೇಳಿಕೊಡುತ್ತೇನೆ, ಆದರೆ ಈ ವರ್ಷ ಅಲ್ಲ. ಈ ವರ್ಷ ನೀವೆಲ್ಲ ನಡುವಿನ ಕಾಲಾಳನ್ನೇ ತಳ್ಳಿ ಆಡಿ. ನಡುವಿನ ಬೆಲೆ ಗೊತ್ತಿಲ್ಲದವರಿಗೆ ಬದಿಯನ್ನು ಕೊಟ್ಟು ನಡುವನ್ನು ಪಡೆಯುವ ವ್ಯಾಪಾರದ ಲಾಭ ಕಾಣುವುದಿಲ್ಲ. ಪ್ರತಿ ಆಟದ ನಡೆಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸೋತ ಆಟವನ್ನು ಮರುದಿನ ಮತ್ತೆ ಹಲಗೆಯ ಮೇಲಿಟ್ಟು ನೋಡಿ. ಕೊನೆಯ ಆಟ ಕಲಿಯಿರಿ. ಮುಂದಿನ ವರ್ಷ ಬಿ4 ಆಡುವಾಗ ಯಾಕೆ ಆಡಿದೆ ಎಂದು ಯಾರಾದರೂ ಕೇಳಿದರೆ, "ಅಣ್ಣ ಹೇಳಿದ್ರು" ಎನ್ನದೆ ಹಲಗೆ ತೋರಿಸಿ ಕಾರಣ ಹೇಳುವಂತಿರಬೇಕು. ಅಷ್ಟಾದರೆ ಎದುರಾಳಿ ಓದಿಕೊಂಡು ಬಂದರೂ ನಿಮಗೆ ಭಯವಿಲ್ಲ.

ಸರ್, ನಿಮ್ಮ ಆಸೆಯಂತೆ ಜಿಲ್ಲೆಗೆ ಹೋಗುವುದು ಒಂದು ವರ್ಷ ತಡವಾಗಬಹುದು, ಕ್ಷಮೆ ಇರಲಿ. ಒಂದು ಸಲ ಹೋಗಿ ಬರುವುದಕ್ಕಿಂತ ಪ್ರತಿ ವರ್ಷ ಹೋಗುವ ಶಾಲೆಯಾಗಲಿ ಎಂಬುದು ನನ್ನ ಆಸೆ.

ಬರೀ ಮಾತಾಡಿ ಹೋಗುವುದಿಲ್ಲ. ನಮ್ಮ ಬ್ಯಾಚಿನವರು ಸೇರಿ ಹತ್ತು ಹಲಗೆ, ಐದು ಚೆಸ್ ಗಡಿಯಾರ ತಂದಿದ್ದೇವೆ. ಪ್ರತಿ ತಿಂಗಳು ಒಂದು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾನು ಇಲ್ಲಿರುತ್ತೇನೆ. ಉಳಿದ ಶನಿವಾರಗಳಿಗೆ ಇಲ್ಲಿಯೇ ಇರುವ ನನ್ನ ಇಬ್ಬರು ಸಹಪಾಠಿಗಳು ಒಪ್ಪಿಕೊಂಡಿದ್ದಾರೆ. ಅರಳಿಕಟ್ಟೆಯಲ್ಲಿ ಹಳೆಯ ಪದ್ಧತಿಯ ಚದುರಂಗ ಆಡಿದ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ. ಒಂದೊಂದೇ ಮನೆ ನಡೆಯುವ ಕಾಲಾಳಿನ ತಾಳ್ಮೆಯನ್ನು ಮಕ್ಕಳು ನಿಮ್ಮಿಂದಲೇ ಕಲಿಯಬೇಕು.

ಕೊನೆಯದಾಗಿ ತಂದೆತಾಯಂದಿರಲ್ಲಿ ಒಂದು ವಿನಂತಿ. ಶನಿವಾರ ಮಧ್ಯಾಹ್ನ ಗಂಡುಮಕ್ಕಳು ಎಲ್ಲಿದ್ದಾರೆ ಎಂದು ನಾವು ಅಷ್ಟಾಗಿ ಕೇಳುವುದಿಲ್ಲ, ಹೆಣ್ಣುಮಕ್ಕಳಿಗೆ ಮನೆಯಲ್ಲಿ ಕೆಲಸ ಕಾದಿರುತ್ತದೆ. ಆ ಒಂದು ಗಂಟೆಯನ್ನು ಅವರಿಗೂ ಬಿಟ್ಟುಕೊಡಿ. ಎರಡು ಗಂಟೆಯ ಬಸ್ಸಿಗೆ ಹೋಗುವ ಮಕ್ಕಳನ್ನು ಬಸ್ಸು ಹತ್ತಿಸಿಯೇ ನಾವು ಕೋಣೆಗೆ ಬೀಗ ಹಾಕುತ್ತೇವೆ.