ತಲೆಸುತ್ತಿಗೆಲ್ಲ ಒಂದೇ ಮಾತ್ರೆಯಲ್ಲ

(ಮಹಿಳಾ ವೇದಿಕೆಯ ಆರೋಗ್ಯ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು)



ಕಿವಿ, ಮೂಗು, ಗಂಟಲಿನ ಡಾಕ್ಟರಾಗಿ ಪುಣೆಯಲ್ಲಿ ನನಗೆ ಇಪ್ಪತ್ತು ವರ್ಷವಾಯಿತು. ಆದರೂ ಇವತ್ತಿನ ಮಾತನ್ನು ನನ್ನದೇ ತಪ್ಪಿನಿಂದ ಶುರು ಮಾಡುತ್ತೇನೆ. ಧಾರವಾಡದಿಂದ ಅವ್ವ ಒಂದು ಸಂಜೆ ಫೋನ್ ಮಾಡಿ, "ತಲಿ ತಿರಗಾಕತ್ತೈತವಾ, ಪಿತ್ತ ಆಗಿರಬೇಕು" ಅಂದಳು. ಹೊರಗೆ ಪೇಷಂಟುಗಳು ಕಾಯುತ್ತಿದ್ದರು. ಒಂದೂ ಪ್ರಶ್ನೆ ಕೇಳದೆ ಮಾತ್ರೆಯ ಹೆಸರು ಹೇಳಿ ಫೋನ್ ಇಟ್ಟೆ. ಮಗಳು ಹೇಳಿದ್ದಾಳೆಂದು ಅವ್ವ ಅದನ್ನು ಮೂರು ತಿಂಗಳು ನುಂಗಿದಳು. ಒಂದು ನಸುಕಿನಲ್ಲಿ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೊರಟವಳು ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಆಪರೇಷನ್ ಆದ ಮೇಲೆ ಪಕ್ಕದಲ್ಲಿ ಕೂತು ಕೇಳಿದೆ, "ಅವ್ವಾ, ಯಾವಾಗ ತಿರಗ್ತಿತ್ತು?" "ಬಲಮಗ್ಗಲಕ್ಕ ಹೊರಳಿದ್ರ ಮನಿ ಎಲ್ಲಾ ತಿರಗಿದಂಗ ಆಗ್ತಿತ್ತು. ಮ್ಯಾಲಿನ ಡಬ್ಬಿ ತಗ್ಯಾಕ ತಲಿ ಎತ್ತಿದ್ರೂ ಹಂಗ. ಸ್ವಲ್ಪ ಹೊತ್ತಿಗೆ ತಾನ ನಿಂದರ್ತಿತ್ತು." ಈ ಮಾತಿನಲ್ಲೇ ರೋಗದ ಸುಳಿವು ಪೂರ್ತಿ ಇತ್ತು. ಕೇಳುವವಳು ಕೇಳಿರಲಿಲ್ಲ, ಅಷ್ಟೇ.

ಇದಕ್ಕೆ ಬಿಪಿಪಿವಿ ಅನ್ನುತ್ತಾರೆ. ಒಳಗಿವಿಯಲ್ಲಿ ಸಾಸಿವೆಗಿಂತ ಎಷ್ಟೋ ಸಣ್ಣ ಸುಣ್ಣದ ಹರಳುಗಳಿವೆ. ತಲೆ ಎತ್ತ ವಾಲಿದೆ ಎಂದು ತಿಳಿಯಲು ಅವು ಬೇಕು. ವಯಸ್ಸಾದಾಗ, ಅಥವಾ ತಲೆಗೆ ಪೆಟ್ಟು ಬಿದ್ದಾಗ ಕೆಲವು ಕಳಚಿ, ಪಕ್ಕದ ನೀರು ತುಂಬಿದ ನಳಿಕೆಗೆ ಜಾರುತ್ತವೆ. ಮಗ್ಗಲು ಬದಲಿಸಿದರೆ, ಬಗ್ಗಿದರೆ, ಮೇಲೆ ನೋಡಿದರೆ ಅವೂ ಜರುಗುತ್ತವೆ. ಮಿದುಳಿಗೆ "ನೀನು ತಿರುಗುತ್ತಿದ್ದೀಯ" ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಐವತ್ತು ದಾಟಿದ ಹೆಂಗಸರಲ್ಲಿ ಇದು ಹೆಚ್ಚು.

ಯಾವ ಮಾತ್ರೆಯೂ ಆ ಹರಳನ್ನು ವಾಪಸು ಕಳಿಸುವುದಿಲ್ಲ. ತಲೆಸುತ್ತಿನ ಮಾತ್ರೆ ಒಂದೆರಡು ದಿನಕ್ಕೆ ಸರಿ. ತಿಂಗಳುಗಟ್ಟಲೆ ನುಂಗಿದರೆ ಮಂಪರು ಬರಬಹುದು, ಹಿರಿಯರು ಬೀಳುವ ಭಯ ಇನ್ನೂ ಹೆಚ್ಚು. ಪರೀಕ್ಷೆ ಸುಲಭ: ತಲೆಯನ್ನು ಒಂದು ಕಡೆ ತಿರುಗಿಸಿ ಬೇಗನೆ ಮಲಗಿಸಿ, ಕಣ್ಣಿನ ಗುಡ್ಡೆ ಹೇಗೆ ಅದುರುತ್ತದೆಂದು ನೋಡುತ್ತೇವೆ. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಅಮೆರಿಕದ ಡಾ. ಜಾನ್ ಎಪ್ಲಿ ಚಿಕಿತ್ಸೆ ತೋರಿಸಿಕೊಟ್ಟರು. ತಲೆಯನ್ನು ಹಂತಹಂತವಾಗಿ ತಿರುಗಿಸುತ್ತ ಹರಳನ್ನು ನಳಿಕೆಯಿಂದ ಹೊರಗೆ ಜಾರಿಸುವುದು. ಹತ್ತು ನಿಮಿಷದ ಕೆಲಸ. ಬಹಳ ಜನರಿಗೆ ಒಂದೆರಡು ಸಲಕ್ಕೇ ಗುಣ. ಮತ್ತೆ ಬಂದರೆ ಮತ್ತೆ ಮಾಡಬಹುದು. ಯಾವ ಕಿವಿ, ಯಾವ ನಳಿಕೆ ಎಂದು ಗೊತ್ತಾಗದೆ ವಿಡಿಯೋ ನೋಡಿ ಮಾಡಿಕೊಳ್ಳಬೇಡಿ. ಕುತ್ತಿಗೆ ತೊಂದರೆ ಇದ್ದವರಂತೂ ಬೇಡವೇ ಬೇಡ.

ಆದರೆ ಎಲ್ಲ ತಲೆಸುತ್ತೂ ಇದಲ್ಲ. ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಬಿಪಿ ಇಳಿದಿರಬಹುದು, ಬಿಪಿ ಮಾತ್ರೆಯೇ ಹೆಚ್ಚಾಗಿರಬಹುದು, ರಕ್ತ ಕಡಿಮೆ ಇರಬಹುದು. ಕಿವಿ ಗುಂಯ್‌ಗುಟ್ಟಿ, ಕಟ್ಟಿದಂತಾಗಿ, ಗಂಟೆಗಟ್ಟಲೆ ಸುತ್ತಿದರೆ ಮೆನಿಯರ್ಸ್ ಇರಬಹುದು. ಮೈಗ್ರೇನ್ ಇದ್ದವರಿಗೂ ಸುತ್ತು ಬರುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ, ನಿಲ್ಲಲೂ ಆಗದಿದ್ದರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ ಅದು ಪಾರ್ಶ್ವವಾಯು ಇರಬಹುದು. ನಿಂಬೆಹಣ್ಣಿನ ಪಾನಕ ಕುಡಿಸುತ್ತ ಕೂಡಬೇಡಿ. 108ಕ್ಕೆ ಫೋನ್ ಮಾಡಿ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ.

ಅವ್ವನ ಮೂಳೆ ಕೂಡಿದ ಮೇಲೆ ನಾನೇ ಎಪ್ಲಿ ಚಿಕಿತ್ಸೆ ಮಾಡಿದೆ. ಎರಡನೆಯ ಸಲಕ್ಕೆ ಸುತ್ತು ನಿಂತಿತು. ವಾಕರ್ ಮಾತ್ರ ಬಿಡಲಿಲ್ಲ. "ಇಷ್ಟ ಇತ್ತೇನವಾ?" ಅಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ನಾವೆಲ್ಲ ಊರು ಬಿಟ್ಟು ಬಂದವರು. ಅವ್ವ, ಅತ್ತೆ, ಅಪ್ಪ ಊರಲ್ಲಿದ್ದಾರೆ. ಅವರ ಕಾಯಿಲೆ ನಮಗೆ ಮೊದಲು ತಲುಪುವುದು ಫೋನಿನಲ್ಲೇ. "ತಲೆಸುತ್ತು" ಅಂದಾಗ ಮೂರು ಪ್ರಶ್ನೆ ಕೇಳಿ: ಏನು ಮಾಡುವಾಗ ಬರುತ್ತದೆ? ಎಷ್ಟು ಹೊತ್ತು ಇರುತ್ತದೆ? ಜೊತೆಗೆ ಇನ್ನೇನಾಗುತ್ತದೆ? ಉತ್ತರ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಬಚ್ಚಲಿಗೆ ಒಂದು ಹಿಡಿ ಹಾಕಿಸಿ, ರಾತ್ರಿ ಸಣ್ಣ ದೀಪ ಇರಲಿ, ಏಳುವಾಗ ಹಾಸಿಗೆ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಏಳಲಿ.