ಟೂರಿನ ಸುದ್ದಿ: ಯಾರಿಗೆ, ಎಷ್ಟು?

(ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ, ಮುಂಬಯಿಯ ಒಂದು ಕಛೇರಿಯಲ್ಲಿ ಟೂರಿನ ಟಿಕೇಟು, ಬಿಲ್ಲು ನೋಡಿಕೊಳ್ಳುವ ಗುಮಾಸ್ತ. ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಹೇಳಲು ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಛೇರಿಯ ಸೋದರಿಯೊಬ್ಬರು ಲೆಕ್ಕ ತಪಾಸಣೆಗೆಂದು ಒಬ್ಬರೇ ನಾಗಪುರಕ್ಕೆ ಹೊರಟರು. ಅವರ ರೈಲು ಟಿಕೇಟು, ಲಾಡ್ಜಿನ ಹೆಸರು, ಆಧಾರ್ ಪ್ರತಿ ಎಲ್ಲವನ್ನೂ ನಾನು ಕಛೇರಿಯ ವಾಟ್ಸ್‌ಆಪ್ ಗುಂಪಿಗೆ ಹಾಕಿಬಿಟ್ಟೆ. ಎಲ್ಲರೂ ನಮ್ಮವರೇ ತಾನೆ ಎಂಬ ಭಾವನೆ. ಆ ರಾತ್ರಿ ಹನ್ನೊಂದಕ್ಕೆ ಯಾರೋ ಲಾಡ್ಜಿಗೆ ಫೋನು ಮಾಡಿ, ಅವರ ಹೆಸರು ಹೇಳಿ, ಕೋಣೆಯ ನಂಬರು ಕೇಳಿದರಂತೆ. ಆಕೆ ಬಾಗಿಲಿಗೆ ಕುರ್ಚಿ ಒತ್ತಿಟ್ಟು, ದೀಪ ಆರಿಸದೆ ಬೆಳಗಿನವರೆಗೆ ಕುಳಿತಿದ್ದರು. ಮರಳಿ ಬಂದಾಗ ಕೇಳಿದ್ದು ಒಂದೇ ಮಾತು: "ಅಣ್ಣಾ, ಹಾಕುವ ಮುಂಚೆ ನನ್ನನ್ನೊಮ್ಮೆ ಕೇಳಬಾರದಿತ್ತೇ?" ನನ್ನಲ್ಲಿ ಉತ್ತರವಿರಲಿಲ್ಲ.

ಟಿಕೇಟು ಬರಿಯ ಕಾಗದವಲ್ಲ. ರೈಲಿನ 10 ಅಂಕೆಯ ಪಿಎನ್‌ಆರ್ ಸಿಕ್ಕರೆ ಡಬ್ಬಿ ಯಾವುದು, ಬರ್ತು ಯಾವುದು ಎಂಬುದು ಯಾರಿಗೂ ತಿಳಿಯುತ್ತದೆ. ವಿಮಾನದ 6 ಅಕ್ಷರದ ಪಿಎನ್‌ಆರ್ ಜೊತೆಗೆ ಪ್ರಯಾಣಿಕರ ಕೊನೆಯ ಹೆಸರು ಗೊತ್ತಾದರೆ, ಅನೇಕ ಕಂಪನಿಗಳಲ್ಲಿ ಆ ಟಿಕೇಟನ್ನು ತೆರೆದು ನೋಡಬಹುದು; ಬದಲಿಸಲೂ ಬಹುದು. ಮನೆಗೆ ಬೀಗ ಎಷ್ಟು ದಿನವೆಂಬುದನ್ನೂ ಟಿಕೇಟು ಸಾರುತ್ತದೆ.

ಹಾಗೆಂದು ನೌಕರರು ಒಬ್ಬರಿಗೊಬ್ಬರು ಏನನ್ನೂ ಹೇಳಬಾರದೆಂದಲ್ಲ. ಭತ್ಯೆಯ ದರವೆಷ್ಟು, ಯಾರಿಗೆ ಯಾವ ದರ್ಜೆಯ ಟಿಕೇಟು ಸಲ್ಲುತ್ತದೆ, ಬಿಲ್ಲನ್ನು ಎಷ್ಟು ದಿನದೊಳಗೆ ಕೊಡಬೇಕು ಎಂಬುದು ಎಲ್ಲರಿಗೂ ಗೊತ್ತಿರಬೇಕು, ಗೊತ್ತಿಲ್ಲದವನಿಗೆ ನಷ್ಟ. ಕೆಲವೆಡೆ ಇದನ್ನು ಗುಟ್ಟಾಗಿಟ್ಟು, ನೌಕರರ ಸಂಗತಿಗಳನ್ನು ಬೀದಿಗೆ ಹಾಕುತ್ತಾರೆ. ನಿಯಮ ಎಲ್ಲರಿಗೂ ಸೇರಿದ್ದು. ಪ್ರಯಾಣ ಅವರವರಿಗೆ ಸೇರಿದ್ದು.

ಖಾಸಗಿತನವೆಂಬುದು ದೊಡ್ಡವರ ಸೊತ್ತೆಂದು ತಿಳಿಯಬೇಡಿರಿ. ಕರ್ನಾಟಕದ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ನಿವೃತ್ತಿಯ ಬಳಿಕ, 2012ರಲ್ಲಿ, ಆಧಾರ್ ಕುರಿತು ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ಸರಕಾರದ ಮುಂದೆ ನಮಗೆ ದೊರೆತ ಈ ಗೌರವವನ್ನು ನಮ್ಮ ಪಕ್ಕದ ಮೇಜಿನವರಿಗೆ ನಾವು ಕೊಡದಿದ್ದರೆ ಹೇಗೆ?

ಈಗ ನನ್ನ ಪದ್ಧತಿ ಇಷ್ಟು. ಟಿಕೇಟು ಪ್ರಯಾಣಿಕರ ಕೈಗೆ ಮಾತ್ರ. ತಂಗುವ ಸ್ಥಳ, ಕಳುಹಿಸಿದ ಅಧಿಕಾರಿಗೆ ಮತ್ತು ಪ್ರಯಾಣಿಕರು ಹೇಳಿದ ಮನೆಯವರೊಬ್ಬರಿಗೆ; ಆಪತ್ತಿನಲ್ಲಿ ಅಷ್ಟು ಬೇಕೇಬೇಕು. ಆಧಾರ್ ಪ್ರತಿ ಕಳುಹಿಸಬೇಕಾದರೆ ಕೊನೆಯ 4 ಅಂಕೆ ಮಾತ್ರ ಕಾಣುವ ಪ್ರತಿ. ಗುಂಪಿಗೆ ಒಂದೇ ಸಾಲು: "ಇಂಥವರು ಗುರುವಾರದವರೆಗೆ ಕಛೇರಿಯಲ್ಲಿಲ್ಲ, ಕೆಲಸವಿದ್ದರೆ ಇಂಥವರನ್ನು ಕಾಣಿರಿ."

ಊರು ಬಿಟ್ಟು ಬಂದ ನಮಗೆ ಒಬ್ಬರ ಸುದ್ದಿ ಒಬ್ಬರು ವಿಚಾರಿಸುವುದು ಪ್ರೀತಿಯ ರೂಢಿ. ಅದು ಇರಲಿ. ಆದರೆ ಇನ್ನೊಬ್ಬರ ಸುದ್ದಿಯನ್ನು ಮುಂದಕ್ಕೆ ದಾಟಿಸುವ ಮುಂಚೆ ಅವರನ್ನೊಂದು ಮಾತು ಕೇಳೋಣ. ಆ ಸೋದರಿ ನನಗೆ ಕಲಿಸಿದ್ದು ಇಷ್ಟೇ.