ಕುದುರೆಯ ದೋಷ, ಮಾರುವವನ ಮೌನ



ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಎತ್ತು ಕೊಳ್ಳಲು ಬಂದ ರೈತ ಮೊದಲು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಅನಂತರವೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಮಾರುವವನು ದೋಷವನ್ನು ತಾನಾಗಿ ಹೇಳಿಯಾನೆಂಬ ನಿರೀಕ್ಷೆ ಅಲ್ಲಿ ಯಾರಿಗೂ ಇರುವುದಿಲ್ಲ. ಹೇಳಲೇಬೇಕೆಂದು ಕಾನೂನು ವಿಧಿಸುತ್ತದೆಯೆ?

1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಸುಳ್ಳು ಹೇಳುವುದು ವಂಚನೆ. ಗೊತ್ತಿರುವುದನ್ನು ಬೇಕೆಂದೇ ಮರೆಮಾಚುವುದೂ ವಂಚನೆ. ಆದರೆ ಬರಿದೆ ಸುಮ್ಮನಿರುವುದು ಸಾಮಾನ್ಯವಾಗಿ ವಂಚನೆಯಲ್ಲ. ಗೋಡೆಯ ಬಿರುಕಿಗೆ ಸುಣ್ಣ ಬಳಿದು ಮುಚ್ಚುವುದಕ್ಕೂ ಬಿರುಕಿನ ಸುದ್ದಿ ಎತ್ತದಿರುವುದಕ್ಕೂ ಇರುವ ಅಂತರ ಇದು.

ಕಾಯಿದೆಯೇ ಕೊಡುವ ಉದಾಹರಣೆ ಕುದುರೆಯದು. ಒಬ್ಬ ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದರಲ್ಲಿ ದೋಷವಿರುವುದು ಅವನಿಗೆ ಗೊತ್ತು, ಹೇಳುವುದಿಲ್ಲ. ಇದು ವಂಚನೆಯಲ್ಲ! ಅದೇ ಕುದುರೆಯನ್ನು ಆಗಷ್ಟೇ ಪ್ರಾಯಕ್ಕೆ ಬಂದ ಸ್ವಂತ ಮಗಳಿಗೆ ಮಾರಿದರೆ ಹೇಳಲೇಬೇಕು. ಆ ಸಂಬಂಧವೇ ಹೇಳುವ ಹೊಣೆಯನ್ನು ಹೊರಿಸುತ್ತದೆ. ಇನ್ನು ಕೊಳ್ಳುವವನು, "ನೀವು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ" ಎಂದಾಗ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಕಾನೂನು ಒಪ್ಪಿಕೊಳ್ಳುವುದು ಇಲ್ಲಿ. ಕೊಳ್ಳುವವನ ಒಂದೇ ಮಾತು ಇಡೀ ವ್ಯವಹಾರದ ಸ್ವರೂಪವನ್ನು ಬದಲಿಸಿಬಿಡುತ್ತದೆ. ಸಂಕೋಚದಿಂದ ಬಾಯಿಬಿಡದ ಗಿರಾಕಿಗೆ ಮಾತ್ರ ಈ ರಕ್ಷಣೆ ಇಲ್ಲ. ಸಾಧಾರಣ ಎಚ್ಚರದಿಂದ ನಿಜ ತಿಳಿಯಬಹುದಾಗಿದ್ದರೆ, ಎದುರಿನವನು ವಂಚಿಸಲೆಂದೇ ಸುಮ್ಮನಿದ್ದನೆಂದು ಹೇಳಿ ಕರಾರನ್ನು ರದ್ದುಪಡಿಸಲೂ ಆಗದೆಂದು 19ನೇ ಕಲಮು ಹೇಳುತ್ತದೆ.

ಹಿಂದಿನವರು ಏನೆನ್ನುತ್ತಿದ್ದರು? ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಾರಾಟದ ಬಗ್ಗೆಯೇ ಒಂದು ಪ್ರಕರಣವಿದೆ. ರೋಗದ ಪ್ರಾಣಿಯನ್ನು ಆರೋಗ್ಯದ್ದೆಂದು ಹೇಳಿ ಮಾರಿದವನಿಗೆ 12 ಪಣ ದಂಡ. ಕೊಂಡ ಪ್ರಾಣಿಯನ್ನು ಹಿಂದಿರುಗಿಸಲು ಮೂರು ಪಕ್ಷಗಳ ಗಡುವು. ಒಳಿತು ಕೆಡುಕು ಅಷ್ಟರಲ್ಲಿ ತಿಳಿದುಬಿಡುತ್ತದೆ ಎಂಬುದು ಕಾರಣ. ಗಮನಿಸಿ, ದಂಡ ಅಲ್ಲಿಯೂ ಆಡಿದ ಸುಳ್ಳಿಗೇ. ಆದರೆ ಆ ಒಂದೂವರೆ ತಿಂಗಳು ಬಾಯಿ ಸತ್ತ ಗಿರಾಕಿಯನ್ನೂ ಕಾಯುತ್ತದೆ. ಜಾಣತನವೆಂದರೆ ಇದು.

ಮನೆ, ನಿವೇಶನ, ಹೊಲದ ಮಾತು ಬಂದಾಗ ಕಾನೂನಿನ ದನಿಯೇ ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೇ ಕಲಮಿನ ಪ್ರಕಾರ, ಸ್ವತ್ತಿನಲ್ಲಾಗಲಿ ತನ್ನ ಹಕ್ಕಿನಲ್ಲಾಗಲಿ ಇರುವ ಮುಖ್ಯ ದೋಷವನ್ನು ಮಾರುವವನು ತಾನಾಗಿಯೇ ಹೇಳಬೇಕು. ಆ ದೋಷ ಅವನಿಗೆ ಗೊತ್ತಿರಬೇಕು, ಕೊಳ್ಳುವವನಿಗೆ ಗೊತ್ತಿರಬಾರದು, ಸಾಧಾರಣ ಎಚ್ಚರದಿಂದ ಪತ್ತೆಯಾಗುವಂಥದ್ದೂ ಆಗಿರಬಾರದು. ಅಂಥದ್ದನ್ನು ಹೇಳದಿರುವುದೇ ವಂಚನೆ. ಕುದುರೆಯ ಯಜಮಾನನಿಗೆ ಸಿಕ್ಕ ರಿಯಾಯಿತಿ ನಿವೇಶನದ ಯಜಮಾನನಿಗಿಲ್ಲ.

ಕಾರಣ ಊಹಿಸಬಹುದು. ಎತ್ತಿನ ಹಲ್ಲಿನಂತೆ ಜಮೀನಿನ ಹಕ್ಕು ಕಣ್ಣಿಗೆ ಕಾಣುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಪಡೆದ ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು. ಅಣ್ಣತಮ್ಮಂದಿರು ನ್ಯಾಯಾಲಯದಲ್ಲಿ ಹೂಡಿದ ಪಾಲಿನ ದಾವೆ ಅದರಲ್ಲಿ ಕಾಣದೆ ಹೋಗಬಹುದು. ಜೀವಮಾನದ ಉಳಿತಾಯ ಸುರಿದು ನಿವೇಶನ ಕೊಂಡವನಿಗೆ ಆ ದಾವೆಯ ಸುದ್ದಿ ಪಾಯ ತೋಡಿದ ಮೇಲೆ ಬಂದರೆ ಏನು ಗತಿ? ಗ್ರಾಹಕ ಸಂರಕ್ಷಣೆಗೆಂದು 1986ರಲ್ಲೂ 2019ರಲ್ಲೂ ಬಂದ ಕಾಯಿದೆಗಳು ಸರಕಿನ ಗುಣಮಟ್ಟ, ಪ್ರಮಾಣ, ಬೆಲೆಗಳನ್ನು ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟವು.

ಕೊನೆಯದಾಗಿ, ಹೆಚ್ಚಿನವರು ಗಮನಿಸದ ಒಂದು ಅಂಶ. ಅದೇ 55ನೇ ಕಲಮು ಕೊಳ್ಳುವವನ ಮೇಲೂ ಹೊಣೆ ಹೊರಿಸುತ್ತದೆ. ಗಂಡನ ಆಸ್ತಿಯಲ್ಲಿ ತನಗಿರುವುದು ಬದುಕಿರುವವರೆಗಿನ ಅನುಭೋಗ ಮಾತ್ರ ಎಂದು ನಂಬಿದ ವೃದ್ಧೆಯೊಬ್ಬಳು ಅದನ್ನು ಅಗ್ಗಕ್ಕೆ ಮಾರಲು ಹೊರಟಿದ್ದಾಳೆ ಎನ್ನಿ. ಅವಳಿಗೆ ಪೂರ್ಣ ಹಕ್ಕಿದೆ, ಆದ್ದರಿಂದ ಬೆಲೆಯೂ ಬಹಳ ಹೆಚ್ಚು ಎಂಬುದು ಕೊಳ್ಳುವವನಿಗೆ ಗೊತ್ತು. ಆಗ ಬಾಯಿಬಿಡಬೇಕಾದವನು ಅವನು. ಸುಮ್ಮನಿದ್ದರೆ ವಂಚಕನೂ ಅವನೇ.